ಗೇಣುದ್ದದ ಸಿಂಹಾಸನಕ್ಕೆ ಐದು ನಕ್ಷತ್ರ

ಬಿಳಿಗುಡ್ಡದ ಅರಸ ಮಲ್ಲಭೂಪನಿಗೆ ಮೊಬೈಲಿನಲ್ಲಿ ಸಾಮಾನು ತರಿಸುವ ಹುಚ್ಚು. ಒಂದು ದಿನ ಆನ್‌ಲೈನ್ ಸಂತೆಯಿಂದ ಸಿಂಹಾಸನ ಬಂತು. ಡಬ್ಬ ಬಿಚ್ಚಿದರೆ ಗೇಣುದ್ದ! ಬೆಕ್ಕು ಕೂತರೂ ಬಾಲ ಹೊರಗೆ.

"ನಾಳೆಯಿಂದ ಆ ಸಂತೆ ನನ್ನ ರಾಜ್ಯದಲ್ಲಿ ಇರಕೂಡದು!" ಎಂದು ಅರಸ ಗುಡುಗಿದ.

ಕೌದಿ ಹೊಲಿಯುವ ನೀಲವ್ವ ಎದ್ದೆನೋ ಬಿದ್ದೆನೋ ಎಂದು ಆಸ್ಥಾನದ ಜಾಣ ಚೆನ್ನಬೀರನ ಮನೆಗೆ ಓಡಿಬಂದಳು. "ಅಣ್ಣಾ, ನನ್ನ ಕೌದಿ ಮಾರೂದು ಅಲ್ಲೇ. ಸಂತಿ ಮುಚ್ಚಿದ್ರ ನನ್ನ ಒಲಿ ಹತ್ತೂದಿಲ್ಲ."

"ಹೆದರಬ್ಯಾಡ ತಂಗಿ. ನಾಳೆ ದರ್ಬಾರಕ್ಕ ಬಾ."

ಮರುದಿನ ಸಿಂಹಾಸನ ಮಾರಿದ ಗುರುಶಾಂತ ಅರಸನ ಕರೆಗೆ ದರ್ಬಾರಿಗೆ ಬಂದು ಎದೆ ಸೆಟೆಸಿ ನಿಂತ. "ಪ್ರಭೂ, ಕೊಂಡವರೆಲ್ಲ ಐದು ನಕ್ಷತ್ರ ಕೊಟ್ಟಿದ್ದಾರೆ. ಸಿಂಹಾಸನ ಸಣ್ಣದಲ್ಲ, ತಾವೇ..." ಎಂದವನು ನಾಲಿಗೆ ಕಚ್ಚಿಕೊಂಡ.

ಚೆನ್ನಬೀರ ಮೊಬೈಲು ನೋಡಿ ಓದಿದ. "'ಮನೆಮಂದಿಯೆಲ್ಲ ಕೂತೆವು, ಇನ್ನೂ ಜಾಗ ಉಳಿಯಿತು.' ಇದು ಯಾರು?"

"ನಮ್ಮ ಮಾವ."

"'ಕೂತ ದಿನವೇ ಮಂಡಿನೋವು ಮಾಯ.' ಇದು?"

"ನಮ್ಮ ಅತ್ತೆ."

"ಇಬ್ಬರೂ ಬಂದು ಬರೆದ ಹಾಗೆ ಕೂತು ತೋರಿಸಲಿ. ಕೂತರೆ ನಿನ್ನ ಅಂಗಡಿಯ ಅಷ್ಟೂ ಸಿಂಹಾಸನ ಅರಸರೇ ಕೊಳ್ಳುತ್ತಾರೆ!"

ಆಸೆಗೆ ಬಿದ್ದು ಗುರುಶಾಂತ ಇಬ್ಬರನ್ನೂ ಕರೆತಂದ. ಮಾವ ಉಸಿರು ಬಿಗಿಹಿಡಿದು ಕೂತ. ಎದ್ದರೆ ಸಿಂಹಾಸನವೂ ಜೊತೆಗೇ ಎದ್ದಿತು! ಇಬ್ಬರು ಭಟರು ಅದನ್ನು ಜಗ್ಗುತ್ತಿದ್ದಂತೆ ಮಾವ ದರ್ಬಾರನ್ನೆಲ್ಲ ಎರಡು ಸುತ್ತು ಹಾಕಿದ.

ಅತ್ತೆ ಕೈ ಮುಗಿದಳು. "ನಾ ಒಲ್ಲೆರೀ! ಇದನ್ನ ನೋಡಿದ್ದೇ ಇವತ್ತು. ಅಳಿಯ ನಕ್ಷತ್ರ ಒತ್ತು ಅಂದ, ನಾ ಒತ್ತಿದೆ."

ಸಭೆ ಬಿದ್ದು ಬಿದ್ದು ನಕ್ಕಿತು. ಗುರುಶಾಂತ ಅರಸನ ಕಾಲಿಗೆ ಬಿದ್ದು, ಇನ್ನು ಮುಂದೆ ಅಳತೆ ತಿಳಿಯಲೆಂದು ಪಕ್ಕದಲ್ಲಿ ಬೆಕ್ಕು ಕೂರಿಸಿಯೇ ಸಿಂಹಾಸನದ ಚಿತ್ರ ತೆಗೆಯುತ್ತೇನೆಂದು ಆಣೆ ಇಟ್ಟ.

"ಸರಿ, ಸಂತೆ ಉಳಿಯಲಿ. ಕೊಂಡವರು ಮಾತ್ರ ನಕ್ಷತ್ರ ಕೊಡಲಿ," ಎಂದ ಅರಸ.

"ಮಾರುವವರೂ ಕೊಳ್ಳುವವರಿಗೆ ಕೊಡಲಿ ಪ್ರಭೂ. ತಮಗಂತೂ ಆಗಲೇ ಒಂದು ಬಂದಿದೆ."

"ಒಂದೇ? ಕೊಟ್ಟವರು ಯಾರು?"

"ಈ ನೀಲವ್ವ. ತಾವು ಚಳಿಗಾಲವೆಲ್ಲ ಇವಳ ಕೌದಿ ಹೊದ್ದು, ಹೋದ ಯುಗಾದಿಗೆ 'ಬಣ್ಣ ಹಿಡಿಸಲಿಲ್ಲ' ಎಂದು ವಾಪಸು ಕಳಿಸಿದಿರಂತೆ."

ನೀಲವ್ವ ಕಂಬದ ಮರೆಗೆ ಸರಿದಳು. ಅರಸ ಕಿವಿಯವರೆಗೂ ಕೆಂಪಾದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅದೇ ಕೌದಿಯನ್ನು ಇಮ್ಮಡಿ ಬೆಲೆಗೆ ಕೊಂಡು, 'ಬಣ್ಣ ಚೆನ್ನಾಗಿದೆ, ತಪ್ಪು ನನ್ನದು' ಎಂದು ತಾನೇ ಮೊಬೈಲಿನಲ್ಲಿ ಬರೆದ.

"ಈಗ ನನಗೆ ಎಷ್ಟು ನಕ್ಷತ್ರ, ನೀಲವ್ವ?"

"ನಾಕು, ಪ್ರಭೂ."

"ಐದನೆಯದು?"

"ಈ ಸಲದ ಯುಗಾದಿ ದಾಟಲಿ, ಕೊಡ್ತೀನ್ರಿ!"