ಕುಂಡ್ರದವ್ವನ ದಿಬ್ಬ

ಕೃಷ್ಣಾ ಹೊಳೆಯ ನಡುವಿನ ಕೊಕ್ಕರಗಡ್ಡೆಗೆ ಬೇಸಿಗೆಯಲ್ಲಾದರೆ ನಡೆದೇ ಹೋಗಬಹುದು. ಬಂಡೆಯಿಂದ ಬಂಡೆಗೆ ಕಾಲಿಟ್ಟು, ಮೊಣಕಾಲುದ್ದದ ಸೆಳವೊಂದನ್ನು ದಾಟಿದರೆ ಕೊಯ್ಲು ಮುಗಿದ ಸಜ್ಜೆಯ ಹೊಲ, ಹೊಲ ದಾಟಿದರೆ ಊರು, ಊರ ನಡುವೆ ಒಂದು ಮಣ್ಣಿನ ದಿಬ್ಬ. ಹೊರಗಿನಿಂದ ಬಂದವರು ಅದನ್ನು ನೋಡಿ 'ಇಷ್ಟೇನಾ?' ಎನ್ನುತ್ತಾರೆ. ಹೌದು, ಇಷ್ಟೇ. ಎರಡಾಳು ಎತ್ತರ, ಮೇಲೆ ಒಂದು ಕಣದಷ್ಟು ಜಾಗ, ಸೊಂಟಮಟ್ಟದ ಒಂದು ಗುಡಿ. ಮಳೆಗೆ ಕೊರೆದ ಮಗ್ಗುಲನ್ನು ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ಅದರ ಗುಟ್ಟು ಕಾಣುತ್ತದೆ: ಕರಿ ಎರೆಮಣ್ಣು, ಅದರ ಮೇಲೆ ಹೊಳೆಮರಳು, ಅದರ ಮೇಲೆ ಒಲೆಯ ಬೂದಿ, ಒಡೆದ ಗಡಿಗೆಯ ಬೋಕಿ, ಮತ್ತೆ ಎರೆ. ಭೂಮಿ ತಾನಾಗಿ ಹೀಗೆ ಬೆಳೆಯುವುದಿಲ್ಲ. ಇದರ ಕೆಳಗೆ ರಾಕ್ಷಸನ ಎದೆಯಿದೆ ಎಂದು ಹೇಳುವವರು ಇತ್ತೀಚೆಗೆ ಹುಟ್ಟಿಕೊಂಡಿದ್ದಾರೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದರ ಕೆಳಗೆ ಇರುವುದು ಒಬ್ಬ ತಾಯಿಯ ಹೆದರಿಕೆ. ಅದು ಸಾಲದೇ?

ಹಿಂದೆ ಒಮ್ಮೆ, ಅಣೆಕಟ್ಟು ಎಂಬ ಮಾತೇ ಈ ಸೀಮೆಯಲ್ಲಿ ಕೇಳದಿದ್ದ ಕಾಲದಲ್ಲಿ, ಗಡ್ಡೆಯ ಜನ ಹೊಳೆ ಬಂದರೆ ಮರ ಏರುತ್ತಿದ್ದರು. ಹೊಳೆ ಉಕ್ಕಿದ ಮೇಲೆ ಹರಿಗೋಲು ಹಾಕಿದವನು ತಿರುಗಿ ಬಂದದ್ದಿಲ್ಲ, ಆದ್ದರಿಂದ ಮರವೇ ಗತಿ. ಹುಣಸೆ, ಬಸರಿ, ಆಲ ಎಂದು ಹತ್ತಾರು ಹಳೆಯ ಮರಗಳಿದ್ದವು, ಒಂದೊಂದು ಮನೆತನಕ್ಕೆ ಒಂದೊಂದು ಕೊಂಬೆ. ಕೊಂಬೆಗೆ ಅಟ್ಟ ಕಟ್ಟುವುದು, ಹಗ್ಗ ಹೊಸೆಯುವುದು, ಕಾಳಿನ ಚೀಲಗಳನ್ನು ಮೇಲೆ ತೂಗಿಬಿಡುವುದು ಇವೆಲ್ಲ ಕಾರಹುಣ್ಣಿಮೆ ಕಳೆಯುತ್ತಲೇ ಊರೆಲ್ಲ ಕೂಡಿ ಮಾಡುವ ಕೆಲಸ. ಹೆಣ್ಣು ಕೇಳಲು ಬಂದವರು ಹೊಲ ಎಷ್ಟು ಎಂದು ಕೇಳುವ ಮೊದಲು ಕೊಂಬೆ ಯಾವುದು ಎಂದು ಕೇಳುತ್ತಿದ್ದರಂತೆ. ಊರಿನ ಹಿರಿಯ ದ್ಯಾವಪ್ಪನದು ದೊಡ್ಡ ಹುಣಸೆ. ಅದರ ಕೊಂಬೆಯಲ್ಲಿ ಎತ್ತನ್ನು ಕಟ್ಟಿದರೂ ಎಲೆ ಉದುರುವುದಿಲ್ಲ ಎಂದು ಅವನು ಮೀಸೆ ತಿರುವುತ್ತಿದ್ದ.

ಅದೇ ಹುಣಸೆಯ ಒಂದು ಕವಲು ಹುಲಿಗೆವ್ವನ ಮನೆಗೆ ಸೇರಿದ್ದು. ಅವಳಿಗೆ ಗಂಡ ತೀರಿಹೋಗಿದ್ದ, ಇದ್ದವಳು ಒಬ್ಬಳೇ ಮಗಳು, ನಿಂಗವ್ವ. ಎಳೆತನದ ಒಂದು ಜ್ವರದಲ್ಲಿ ನಿಂಗವ್ವನ ಎರಡು ಕಾಲೂ ಬತ್ತಿಹೋಗಿದ್ದವು. ಅಪ್ಪ ಇರುವತನಕ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಮರ ಏರುತ್ತಿದ್ದ. ಈಗ ಅವಳು ತಾಯಿಗಿಂತ ಎತ್ತರಕ್ಕೆ ಬೆಳೆದಿದ್ದಳು. ಹಗ್ಗದಲ್ಲಿ ಎಳೆದರಾಯಿತು ಎಂದ ದ್ಯಾವಪ್ಪ ಒಂದು ದಿನ ಜೋಳಿಗೆ ಕಟ್ಟಿ ಎಳೆಸಿಯೂ ನೋಡಿದ. ಅರ್ಧಕ್ಕೆ ಹೋದ ಜೋಳಿಗೆ ಗಿರಗಿರ ತಿರುಗಿ ಕಾಂಡಕ್ಕೆ ಬಡಿಯಿತು. ಹಣೆ ಒಡೆದುಕೊಂಡ ಹುಡುಗಿಯನ್ನು ಕೆಳಗಿಳಿಸಿದರು. ಅವಳು ಅಳಲಿಲ್ಲ. 'ಯವ್ವಾ, ಹೊಳಿ ಬಂದ್ರ ನೀ ಗಿಡಾ ಏರು. ನಾ ಮನ್ಯಾಗ ಇರ್ತೀನಿ' ಎಂದಳಷ್ಟೆ.

ಮರುದಿನದಿಂದ ಹುಲಿಗೆವ್ವ ಕೂತದ್ದನ್ನು ಯಾರೂ ನೋಡಲಿಲ್ಲ ಎನ್ನುತ್ತಾರೆ. ಹೊಲದಿಂದ ಬರುವಾಗ ತಲೆಯ ಮೇಲೆ ಒಂದು ಬುಟ್ಟಿ ಎರೆ, ನೀರಿಗೆ ಹೋಗಿ ಬರುವಾಗ ಸೊಂಟದಲ್ಲಿ ಒಂದು ಬುಟ್ಟಿ ಮರಳು, ಒಲೆ ಬಳಿದರೆ ಬೂದಿ, ಎಲ್ಲವೂ ಊರ ನಡುವಿನ ಬಯಲಿಗೆ. ಒಬ್ಬಳಿಂದ ಆಗುವ ಕೆಲಸವಲ್ಲ ಎಂದು ಅರಿವಾದ ಮೇಲೆ ಅವಳು ಊರಿನ ಬೆನ್ನು ಹತ್ತಿದಳು. ಗಂಡಸರು ಹುಣಸೆಯ ನೆರಳಿನಲ್ಲಿ ಹುಲಿಮನೆ ಆಡುತ್ತ ಕೂತರೆ ಎದುರಿಗೆ ಬಂದು ನಿಲ್ಲುವಳು. ಬೈಯುವುದಿಲ್ಲ, ಹೋಗುವುದೂ ಇಲ್ಲ. ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು ಸುಮ್ಮನೆ ನಿಂತೇ ಇರುವಳು. ಆಟ ಕೆಡುತ್ತಿತ್ತು. 'ನೀ ಕುಂಡ್ರುದಿಲ್ಲ, ನಮ್ಮನ್ನೂ ಕುಂಡ್ರಗೊಡುದಿಲ್ಲ' ಎಂದು ರೇಗಿ ಒಬ್ಬೊಬ್ಬನೂ ಎದ್ದು ಒಂದು ಬುಟ್ಟಿ ಮಣ್ಣು ಚೆಲ್ಲಿ ಬಂದು ಪೀಡೆ ಕಳೆದುಕೊಳ್ಳುತ್ತಿದ್ದ. ಕುಂಡ್ರದವ್ವ, ಎಂದರೆ ಕೂರದ ಅವ್ವ, ಎಂಬ ಅಡ್ಡಹೆಸರು ಹುಟ್ಟಿದ್ದು ಆಗಲೇ, ಅದೂ ಚೇಷ್ಟೆಗೆ. ದ್ಯಾವಪ್ಪ ಮಾತ್ರ ಒಂದು ಹಿಡಿ ಮಣ್ಣನ್ನೂ ಹಾಕಲಿಲ್ಲ. 'ತಂಗಿ, ಗಿಡಾ ನಮ್ಮನ್ನ ಎಂದೂ ಬಿಟ್ಟಿಲ್ಲ. ನೀ ಮಣ್ಣ ಪೇರಿಸಿದ್ರ ಹೊಳಿ ಅದನ್ನ ನೆಕ್ಕಿ ಹೋಗ್ತೈತಿ' ಎಂದ. 'ನೆಕ್ಕಲಿ ಯಣ್ಣಾ. ನೆಕ್ಕೂದ್ರಾಗ ಎರಡು ದಿನಾ ಹೋಗ್ತಾವಲ್ಲ' ಎಂದು ಅವಳು ಬುಟ್ಟಿ ಎತ್ತಿದಳು.

ಆ ವರ್ಷ ಮಳೆಗಾಲದ ಮೊದಲಿಗೇ ಕೊಕ್ಕರೆಗಳು ಗಡ್ಡೆ ಬಿಟ್ಟು ಹಾರಿಹೋದವು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿದವು. ಕೆಂಪು ನೀರು ಬಂತು ಎಂದು ಯಾರೋ ಕೂಗಿದರು, ಊರೆಲ್ಲ ಮರ ಏರಿತು, ನೀರು ಹೊಲದ ಅಂಚಿಗೆ ಬಂದು ತಿರುಗಿ ಹೋಯಿತು. ಇಳಿದರು. ಮತ್ತೆ ಕೂಗು, ಮತ್ತೆ ಏರಿದರು, ಮತ್ತೆ ಏನೂ ಇಲ್ಲ. ಜನಕ್ಕೆ ಉಣ್ಣುವ ಅನ್ನ ಸೇರದಾಯಿತು, ಕಣ್ಣೆಲ್ಲ ಹೊಳೆಯ ಕಡೆಗೇ. ಈ ಕಳವಳದಲ್ಲಿ ಅವರು ಒಂದು ತಪ್ಪು ಮಾಡಿದರು. ಇನ್ನೂ ಒಂದಿಷ್ಟು ಉಳಿಸಿಕೊಳ್ಳೋಣ ಎಂದು ಮರಕ್ಕೆ ಮತ್ತಷ್ಟು ಹೇರಿದರು. ಕಾಳಿನ ಚೀಲದ ಮಗ್ಗುಲಿಗೆ ನೇಗಿಲು ಬಂತು, ನೇಗಿಲ ಮಗ್ಗುಲಿಗೆ ಬೀಸುಕಲ್ಲು. ಪಕ್ಕದ ಕೊಂಬೆಯವರು ಬಾಗಿಲು ಬಿಚ್ಚಿ ಕಟ್ಟಿದರೆಂದು ಇವರು ಬಾಗಿಲ ಜೊತೆಗೆ ಚೌಕಟ್ಟನ್ನೂ ಕಟ್ಟಿದರು. ಕೊನೆಗೆ ಊರೇ ಮರದಲ್ಲಿ ನೇತಾಡುತ್ತಿತ್ತು. ದ್ಯಾವಪ್ಪನ ಹುಣಸೆಯಲ್ಲಿ ನಿಜವಾಗಿಯೂ ಎಲೆ ಉದುರತೊಡಗಿತು, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೊಳೆ ನಿಜವಾಗಿ ಬಂದದ್ದು ಒಂದು ಮಟಮಟ ಮಧ್ಯಾಹ್ನ. ಗಡ್ಡೆಯ ಮೇಲೆ ಒಂದು ಹನಿ ಮಳೆಯಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು, ಮೇಲಿನ ಸೀಮೆಯ ನೀರೆಲ್ಲ ಒಮ್ಮೆಲೇ ಇಳಿದು ಬಂತು. ಜನ ಮರಗಳಿಗೆ ಓಡಿದರು. ಹುಲಿಗೆವ್ವ ಮಗಳನ್ನು ಕಂಬಳಿಯಲ್ಲಿ ಕುಳ್ಳಿರಿಸಿ ಎಳೆದುಕೊಂಡು ದಿಬ್ಬ ಹತ್ತಿದಳು. ನೀರು ಬೇರುಗಳ ಸುತ್ತಲಿನ ಮಣ್ಣನ್ನು ಸಡಿಲಿಸುತ್ತಿದ್ದಂತೆ ಭಾರ ಹೊತ್ತ ಮರಗಳು ಕಿರುಗುಟ್ಟಿದವು. ಮೊದಲು ಬಾಗಿದ್ದು ದೊಡ್ಡ ಹುಣಸೆಯೇ. ಕೂಗಾಟ ಎದ್ದಿತು. ಬೀಸುಕಲ್ಲು, ನೇಗಿಲುಗಳನ್ನು ಕಡಿದು ಕಡಿದು ನೀರಿಗೆ ಕೆಡವಿದರು, ಆದರೆ ಬಾಗಿದ ಮರ ನೆಟ್ಟಗಾಗಲಿಲ್ಲ. ಹೊಸೆದಿಟ್ಟಿದ್ದ ಹಗ್ಗಗಳು ಆಗ ಒದಗಿದವು. ಒಬ್ಬ ಈಜಿಕೊಂಡು ಬಂದು ಹಗ್ಗದ ತುದಿಯನ್ನು ಹುಲಿಗೆವ್ವನ ಕೈಗೆ ಕೊಟ್ಟ. ಅವಳು ಅದನ್ನು ದಿಬ್ಬದ ಮೇಲೆ ಹೂಳಿದ್ದ ಗೂಟಕ್ಕೆ ಸುತ್ತಿ ಹಿಡಿದಳು. ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು, ಮಕ್ಕಳನ್ನು ತಲೆಯ ಮೇಲೆ ಹೊತ್ತು, ಒಂದೊಂದೇ ಮನೆ ದಿಬ್ಬಕ್ಕೆ ಬಂದಿತು.

ಬಂದವರೆಲ್ಲ ಹಿಡಿಸುವಷ್ಟು ಆ ದಿಬ್ಬ ಇನ್ನೂ ಬೆಳೆದಿರಲಿಲ್ಲ. ಮೈಗೆ ಮೈ ತಾಗಿಸಿ ನಿಂತರೂ ಅಂಚಿನವರ ಕಾಲು ನೀರಿನಲ್ಲಿತ್ತು. ನಡುವೆ ಕಂಬಳಿಯ ಮೇಲೆ ನಿಂಗವ್ವ ಕೂತಿದ್ದಳು. ಅವಳೊಬ್ಬಳು ಕೂತ ಜಾಗದಲ್ಲಿ ಮೂರು ಜನ ನಿಲ್ಲಬಹುದು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಹೆಜ್ಜೆಗಳು ಇಂಚಿಂಚೇ ಅವಳ ಕಡೆಗೆ ಸರಿಯುತ್ತಿದ್ದವು. ಯಾರಿಗಾಗಿ ಈ ಮಣ್ಣು ಹೊತ್ತಳೋ ಅವಳನ್ನೇ ಈ ಮಣ್ಣಿನ ಮೇಲೆ ತುಳಿದುಬಿಡುತ್ತಾರೇನೋ ಎಂಬ ದಿಗಿಲು ಹುಲಿಗೆವ್ವನಿಗೆ. ಕೊನೆಗೆ ಹಗ್ಗ ಹಿಡಿದು ಬಂದವನು ದ್ಯಾವಪ್ಪ. ಅವನಿಗೆ ಕಾಲೂರಲು ಜಾಗವೇ ಉಳಿದಿರಲಿಲ್ಲ. ಜನರ ನಡುವೆ ನುಗ್ಗಿ ಬಂದು ನಿಂಗವ್ವನ ಮುಂದೆ ನಿಂತ. ಹುಲಿಗೆವ್ವ ಅಡ್ಡ ಬಂದಳು. 'ಆ ಕಡಿ ಸರಿ ತಂಗಿ' ಎಂದವನು ಹುಡುಗಿಗೆ ಬೆನ್ನು ಮಾಡಿ ಮಂಡಿಯೂರಿದ. 'ನನ್ನ ಹೆಗಲ ಮ್ಯಾಲೆ ಏರಿಸ್ರಿ ಇಕಿನ್ನ. ನಾ ದಣದ್ರ ಮತ್ತೊಬ್ಬ ಹೊರ್ರಿ.' ಅವಳು ಎದ್ದ ಜಾಗಕ್ಕೆ ಅಂಚಿನ ಮಕ್ಕಳನ್ನು ಸೇರಿಸಿದರು. ಹೊಳೆ ಇಳಿಯುವತನಕ ನಿಂಗವ್ವ ಹೆಗಲಿನಿಂದ ಹೆಗಲಿಗೆ ದಾಟಿದಳು, ನೀರಿನ ಏರಿಳಿತವನ್ನು ಮೇಲಿನಿಂದ ಅವಳೇ ನೋಡಿ ಹೇಳಿದಳು. ತಾಯಿ ಕುಸಿಯುವ ಅಂಚಿಗೆ ಕಂಬಳಿ ತುರುಕುತ್ತ ಸುತ್ತು ಹಾಕುತ್ತಿದ್ದಳು. 'ಯಾರೂ ಕುಂಡ್ರಬ್ಯಾಡ್ರಿ, ತೂಕಡಿಸಿದ್ರ ಬೀಳ್ತೀರಿ' ಎಂಬ ಅವಳ ಮಾತನ್ನು ಆ ದಿನ ಯಾರೂ ಗೇಲಿ ಮಾಡಲಿಲ್ಲ.

ನೀರು ಇಳಿದ ಮೇಲೆ ಜನ ಕೆಸರಿನಲ್ಲೇ ಕೂತು ಅತ್ತರು. ದೊಡ್ಡ ಹುಣಸೆ ಇದ್ದಲ್ಲಿ ಒಂದು ಗುಂಡಿಯಿತ್ತು. ಹುಲಿಗೆವ್ವ ಬುಟ್ಟಿ ಹುಡುಕುತ್ತಿದ್ದಳು. 'ಇನ್ನರ ಕುಂಡ್ರವ್ವಾ' ಎಂದ ದ್ಯಾವಪ್ಪ. 'ಮುಂದಿನ ವರ್ಷ ಹೊಳಿ ಬರುದಿಲ್ಲೇನು? ಮಕ್ಕಳು ಹುಟ್ತಾವ, ಜಾಗಾ ಸಾಲೂದಿಲ್ಲ' ಎಂದು ಅವಳು ನಡೆದೇಬಿಟ್ಟಳು. ದ್ಯಾವಪ್ಪ ಎದ್ದು ಅವಳ ಹಿಂದೆ ಹೋದ, ಅವನ ಹಿಂದೆ ಊರು ಹೋಯಿತು. ಈಗಿನ ಎತ್ತರ ಆಮೇಲೆ ಬಂದದ್ದು.

ಗುಡಿಯೊಳಗೆ ಮೂರ್ತಿಯೆಂದು ಹೇಳುವಂಥದ್ದು ಏನೂ ಇಲ್ಲ, ನೆಟ್ಟಗೆ ನಿಂತ ಒಂದು ಕಲ್ಲಿದೆ ಅಷ್ಟೆ. ಕಾರಹುಣ್ಣಿಮೆಯ ಮರುದಿನ ಗಡ್ಡೆಯ ಜನ ಅಲ್ಲಿ ಸೇರುತ್ತಾರೆ. ಕಾಯಿ ಒಡೆಯುವುದಿಲ್ಲ. ಊರಿನಲ್ಲಿ ನಡೆಯಲಾರದವರು ಯಾರು ಯಾರಿದ್ದಾರೆ ಎಂದು ಕೇಳಿ, ಅವರನ್ನು ಮೊದಲು ಹೆಗಲ ಮೇಲೆ ಹೊತ್ತು ತಂದು ಮೇಲೆ ಕೂರಿಸುತ್ತಾರೆ. ಮಿಕ್ಕವರು ಹೊತ್ತು ಮುಳುಗುವತನಕ ಸುತ್ತ ನಿಲ್ಲುತ್ತಾರೆ. ಮೇಲಿನ ಸೀಮೆಯಲ್ಲಿ ಅಣೆಕಟ್ಟು ಆಗಿದೆಯಲ್ಲ, ಇನ್ನೇಕೆ ಈ ಪಾಡು ಎಂದು ನಾನೇ ಎಷ್ಟೋ ಸಲ ಗೊಣಗಿದ್ದೇನೆ. ಅಣೆಕಟ್ಟಿನ ಬಾಗಿಲು ಎಂದು ತೆರೆಯುತ್ತಾರೋ ಎಂಬ ಅಳುಕು ಎಲ್ಲರ ಮುಖದಲ್ಲೂ ಇರುತ್ತದೆ, ಆದ್ದರಿಂದ ನನ್ನ ಗೊಣಗಾಟಕ್ಕೆ ಯಾರೂ ಕಿವಿಗೊಡುವುದಿಲ್ಲ. ನನ್ನ ಮೊಣಕಾಲು ಹೋಗಿ ಎರಡು ವರ್ಷವಾಯಿತು. ಈ ಸಲ ಹುಡುಗರು ನನ್ನ ಬಾಗಿಲಿಗೂ ಬಂದರು. ನಾಚಿಕೆಯಾಗಿ ಬೈದು ಕಳಿಸಲು ನೋಡಿದೆ. ಅವರು ಎತ್ತಿಕೊಂಡೇ ಹೋದರು. ದಿಬ್ಬದ ಮೇಲೆ ಇಳಿಸಿದಾಗ ಕೋಲೂರಿ ಏಳಲು ಹೊರಟ ನನ್ನ ಭುಜ ಹಿಡಿದು ಒಬ್ಬ ಹೇಳಿದ: 'ನೀ ಕುಂಡ್ರು ಕಾಕಾ. ನಾವು ನಿಂತೀವಿ.'