ಕೊನೆಯ ಬೇಟೆಯ ಸಲಕರಣೆ

"ಗುರುಗಳೇ, ದೂರ ಹೋಗುವವನು ಜೊತೆಗೆ ಏನೇನು ಒಯ್ಯಬೇಕು?"

ಬೊಮ್ಮಣ್ಣ ಈ ಪ್ರಶ್ನೆ ಕೇಳಿದಾಗ ಹೊರಡುವುದಕ್ಕೆ ಸಿದ್ಧನಾಗಿಯೇ ಬಂದಿದ್ದ. ಬಡಗಣ ಬೆಟ್ಟದ ಗುಹೆಯೊಂದರಲ್ಲಿ ತಪಸ್ಸಿಗೆ ಕೂರಬೇಕು, ಸಿದ್ಧಿಯಾಗುವವರೆಗೆ ಮನೆಯ ಕಡೆ ತಿರುಗಿ ನೋಡಬಾರದು ಎಂದು ನಿಶ್ಚಯಿಸಿದ್ದ. ಕೈಯಲ್ಲಿ ಬುತ್ತಿಯ ಗಂಟು ಇತ್ತು. ಹೆಗಲ ಮೇಲೆ ದಪ್ಪನೆಯ ಕರಿಕಂಬಳಿ ಇತ್ತು.

"ಮನೆಯಲ್ಲಿ ಏನಂದರು?" ಎಂದು ಗುರುಗಳು ಕೇಳಿದರು.

"ಯಾರೂ ಒಂದು ಮಾತೂ ಆಡಲಿಲ್ಲ. ಎಲ್ಲರಿಗೂ ಒಪ್ಪಿಗೆಯಿದೆ. ನನ್ನ ತಪಸ್ಸಿನ ಫಲ ಕೊನೆಗೆ ಅವರಿಗೂ ಸಲ್ಲುತ್ತದಲ್ಲವೇ?"

ಗುರುಗಳು ಕೂತುಕೋ ಎಂದು ಸನ್ನೆ ಮಾಡಿದರು. ಹೊರಟು ನಿಂತವನನ್ನು ಕೂರಿಸಿದರೆ ಯಾರ ಮುಖವಾದರೂ ಸಣ್ಣದಾಗುತ್ತದೆ. ಬೊಮ್ಮಣ್ಣನ ಮುಖವೂ ಸಣ್ಣದಾಯಿತು. ಆದರೂ ಗಂಟನ್ನು ಪಕ್ಕಕ್ಕಿಟ್ಟು ಕೂತ. ಗುರುಗಳು ಹೇಳತೊಡಗಿದರು.

ನೀನು ಹೋಗುವ ಬೆಟ್ಟಗಳಿಗೂ ಆಚೆ, ವರ್ಷದಲ್ಲಿ ಅರ್ಧ ಕಾಲ ಹಿಮ ಮುಚ್ಚುವ ಸೀಮೆಯೊಂದರಲ್ಲಿ ಒಬ್ಬ ಬೇಟೆಗಾರನಿದ್ದ. ಅವನಿಗೆ ಹೆಂಡತಿ ಇದ್ದಳು, ಆಗಷ್ಟೇ ಮಾತು ಕಲಿತ ಮಗಳಿದ್ದಳು. ಆ ವರ್ಷ ಬೇಟೆ ಕೈಕೊಟ್ಟಿತು. ಹಿಮ ಬೀಳುವ ಮೊದಲೇ ಊರಿನವರೆಲ್ಲ ಕೆಳಗಿನ ಕಣಿವೆಗೆ ಇಳಿದುಹೋದರು. ಇವನು ಇಳಿಯಲಿಲ್ಲ. ಬರಿಗೈಯಲ್ಲಿ ಕೆಳಗೆ ಹೋದರೆ ಕಂಡವರ ಒಲೆಯ ಮುಂದೆ ಹಲ್ಲುಗಿಂಜಿ ಕೂರಬೇಕಾಗುತ್ತದೆ ಎಂಬುದು ಅವನ ಸಂಕಟ. ಕಡುಚಳಿ ಹಿಡಿದ ಮೇಲೆ ದೊಡ್ಡ ಕಡವೆಗಳು ಶಿಖರ ಬಿಟ್ಟು ಮರಗಳಿರುವ ಕಡೆಗೆ ಇಳಿಯುತ್ತವೆ. ಒಂದೇ ಒಂದು ಸಿಕ್ಕಿದರೂ ಮೂವರು ಚಳಿಗಾಲ ದಾಟಬಹುದು. ಅವನು ಯೋಚಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ. ವರ್ಷದ ಕೊನೆಯ ಬೇಟೆಗೆ ಹೊರಡುವ ಬೆಳಗ್ಗೆ ಮನೆಯಲ್ಲಿರುವ ಸಾಮಾನನ್ನೆಲ್ಲ ನೆಲದ ಮೇಲೆ ಹರಡುತ್ತಾರೆ. ಬೇಟೆಗಾರ ಯಾವುದನ್ನು ಮುಟ್ಟುತ್ತಾನೋ ಅದು ಅವನ ಜೊತೆ ಹೋಗುತ್ತದೆ. ಅವನು ಆರಿಸಿಕೊಂಡು ಹೊಸಿಲು ದಾಟುವವರೆಗೆ ಉಳಿದವರು ತುಟಿ ಬಿಚ್ಚಬಾರದು. ಬಿಚ್ಚಿದರೆ ಬೇಟೆ ಕೆಡುತ್ತದೆ ಎಂದು ನಂಬಿಕೆ. ಈ ಪದ್ಧತಿ ಮಾಡಿದವರು ಬೇಟೆಗಾರರೇ ಇರಬೇಕು, ಮನೆಯಲ್ಲಿ ಉಳಿಯುವವರಂತೂ ಅಲ್ಲ. ಹೆಂಡತಿ ಎಲ್ಲವನ್ನೂ ಹರಡಿದಳು, ಮಗಳ ಬಾಯಿಯ ಮೇಲೆ ಬೆರಳಿಟ್ಟು ಮೂಲೆಯಲ್ಲಿ ಕೂತಳು.

ಬೇಟೆಗಾರ ದಡ್ಡನಲ್ಲ. ದಡ್ಡನಾಗಿದ್ದರೆ ಅವನ ಕತೆ ನಿನಗೆ ಹೇಳುತ್ತಿರಲಿಲ್ಲ. ಚಳಿಯ ಬೇಟೆ ಎಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಟ್ಟ ಹತ್ತುವಾಗ ದಪ್ಪ ಬಟ್ಟೆ ತೊಟ್ಟರೆ ಮೈ ಬೆವರುತ್ತದೆ, ಕಾದು ಕೂತಾಗ ಆ ಬೆವರೇ ಹೆಪ್ಪುಗಟ್ಟಿ ಕೊಲ್ಲುತ್ತದೆ. ಆದ್ದರಿಂದ ಹತ್ತುವುದಕ್ಕೆ ತೆಳ್ಳಗಿನ ಅಂಗಿಯನ್ನೂ ಕೂರುವುದಕ್ಕೆ ತುಪ್ಪಳದ ನಿಲುವಂಗಿಯನ್ನೂ ಮುಟ್ಟಿದ. ಹಿಮದ ಮೇಲೆ ಹಾಸಿಕೊಳ್ಳಲು ಕರಡಿಯ ಚರ್ಮ ಬೇಕು, ಅದನ್ನು ಮುಟ್ಟಿದ. ತಾಯಿ ಮಗಳು ಅದರ ಮೇಲೆಯೇ ಮಲಗುತ್ತಿದ್ದರು. ಪಾದರಕ್ಷೆಯೊಳಗೆ ತುರುಕಲು ಒಣಹುಲ್ಲು ಬೇಕು, ಮಗಳು ಹಗಲು ಮಲಗುವ ತೊಟ್ಟಿಲಿನಿಂದ ತೆಗೆದುಕೊಂಡ. ಒದ್ದೆಯಾದರೆ ಬದಲಿಸಲು ಇನ್ನಷ್ಟು ತೆಗೆದುಕೊಂಡ. ಹುರಿಹಿಟ್ಟು, ಬಿಲ್ಲಿಗೆ ಎರಡನೆಯ ಹೆದೆ, ಚೂರಿ, ಹಗ್ಗ. ಹೊಡೆದ ಕಡವೆಯನ್ನು ಹೊತ್ತು ತರುವುದಾಗುವುದಿಲ್ಲ, ಚರ್ಮದ ಮೇಲೆ ಕೆಡವಿ ಎಳೆಯಬೇಕು. ಅಷ್ಟು ದೊಡ್ಡ ಚರ್ಮ ಮನೆಯಲ್ಲಿ ಒಂದೇ ಇತ್ತು. ಬಾಗಿಲ ಹಲಗೆಗಳ ಸಂದಿನಿಂದ ಗಾಳಿ ನುಗ್ಗದಂತೆ ಒಳಗಿನಿಂದ ತೂಗುಬಿಟ್ಟಿದ್ದ ಚರ್ಮ ಅದು. ಅದನ್ನೂ ಮುಟ್ಟಿದ.

ಕೊನೆಗೆ ಚಕಮಕಿ ಕಲ್ಲು ಉಳಿಯಿತು. ಅವನ ಕೈ ಅದರ ಮೇಲೆ ಒಂದು ಗಳಿಗೆ ನಿಂತಿತು. ಒಲೆಯಲ್ಲಿ ಕೆಂಡವಿದೆ, ಮನೆಯಲ್ಲಿ ಸೌದೆಯಿದೆ, ಇವರಿಗೆ ಕಲ್ಲೇಕೆ? ನನಗೆ ಬೇಕಾದರೂ ಆಗಬಹುದು. ಹಾಗೆಂದುಕೊಂಡು ಮುಟ್ಟಿದ. ಮೂಲೆಯಲ್ಲಿ ಹೆಂಡತಿಯ ಕೈ ತುಸು ಮೇಲೆದ್ದು ಮತ್ತೆ ಮಡಿಲಿಗೆ ಇಳಿಯಿತು. ಅವನು ಅದನ್ನು ನೋಡಿದ. ಹರಸುತ್ತಿದ್ದಾಳೆ ಎಂದುಕೊಂಡ.

ಬೆಟ್ಟದ ಮೇಲೆ ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಬೆವರದೆ ಹತ್ತಿದ. ಬಂಡೆಯ ಮರೆಯಲ್ಲಿ ಚರ್ಮ ಹಾಸಿ ನಿಲುವಂಗಿ ತೊಟ್ಟು ಕೂತ. ಹಿಮಗಾಳಿ ಎದ್ದಿತು. ಬೇರೆ ಯಾರಾದರೂ ಆಗಿದ್ದರೆ ಅಂದು ಸಂಜೆಗೇ ಮನೆಗೆ ಓಡಿ ಬರುತ್ತಿದ್ದರು. ಇವನಿಗೆ ಓಡುವ ಅಗತ್ಯ ಬೀಳಲಿಲ್ಲ. ಮೈ ಬೆಚ್ಚಗಿತ್ತು, ಕಾಲು ಒದ್ದೆಯಾಗಿರಲಿಲ್ಲ. ಗಾಳಿ ನಿಂತ ಮೇಲೆ ಕಡವೆ ಬಂದೇ ಬರುತ್ತದೆ ಎಂದು ಕಾದ. ಬೆಂಕಿ ಮಾತ್ರ ಹೊತ್ತಿಸಲಿಲ್ಲ, ಹೊಗೆಯ ವಾಸನೆಗೆ ಕಡವೆ ಹತ್ತಿರ ಸುಳಿಯುವುದಿಲ್ಲ. ಚಕಮಕಿ ಕಲ್ಲು ಚೀಲದಲ್ಲೇ ಇತ್ತು. ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅದು ಇದೆ ಎಂಬುದೇ ಅವನಿಗೊಂದು ಧೈರ್ಯ.

ಗಾಳಿ ನಿಂತಿತು. ಕಡವೆ ಬಂತು. ಅಷ್ಟು ದೊಡ್ಡ ಕೊಂಬನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಒಂದೇ ಬಾಣಕ್ಕೆ ಬಿತ್ತು. ಬಾಗಿಲಿನ ಚರ್ಮದ ಮೇಲೆ ಅದನ್ನು ಕೆಡವಿ ಹಗ್ಗ ಬಿಗಿದು ಇಳಿಜಾರಿನಲ್ಲಿ ಎಳೆಯತೊಡಗಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲವೇನೋ. ಮಗಳಿಗೆ ಮೊದಲು ಮೆತ್ತನೆಯ ಈಲಿಯ ತುಂಡು ಸುಟ್ಟು ಕೊಡಬೇಕು, ಹೆಂಡತಿಗೆ ಮಜ್ಜೆಯ ಸಾರು ಕಾಯಿಸಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ.

ಕೆಳಗಿನ ತಿರುವಿಗೆ ಬಂದಾಗ ಮನೆ ಕಂಡಿತು. ಹೊಗೆ ಕಾಣಲಿಲ್ಲ.

ಅವನ ಕೈಯಿಂದ ಹಗ್ಗ ಜಾರಿತು. ಬೆಟ್ಟದ ಮೇಲೆ ಬೀಸಿದ ಗಾಳಿ ಮನೆಯ ಮೇಲೂ ಬೀಸಿರುತ್ತದೆ ಎಂಬುದು ಅಲ್ಲಿಯವರೆಗೆ ಅವನಿಗೆ ಹೊಳೆದೇ ಇರಲಿಲ್ಲ. ಹಿಮದಲ್ಲಿ ಬಿದ್ದೆದ್ದು ಓಡಿದ. ಬಾಗಿಲು ತಳ್ಳಿದ. ಹಲಗೆಯ ಸಂದುಗಳಿಂದ ನುಗ್ಗಿದ ಹಿಮ ಒಲೆಯವರೆಗೂ ಹರಡಿತ್ತು. ಕೆಂಡ ಕರಿದಾಗಿ ಒದ್ದೆಯಾಗಿತ್ತು. ಸೌದೆ ಗೋಡೆಗೆ ಒರಗಿಸಿದಂತೆಯೇ ಇತ್ತು. ಹೆಂಡತಿ ತನ್ನ ಬಟ್ಟೆಯನ್ನೆಲ್ಲ ಮಗಳಿಗೆ ಸುತ್ತಿ, ಎದೆಗವಚಿಕೊಂಡು ಕೂತಿದ್ದಳು. ಅವಳಿಗೆ ಉಸಿರಿತ್ತು. ಮಗಳಿಗೆ ಇರಲಿಲ್ಲ.

ಅವನು ಮಂಡಿಯೂರಿದ.

"ಕಲ್ಲು ಬಿಟ್ಟುಹೋಗು ಎಂದು ಒಂದು ಮಾತು ಹೇಳಬಾರದಿತ್ತೇ?"

"ಹೇಳಿದರೆ ಬೇಟೆ ಕೆಡುತ್ತದಲ್ಲ" ಎಂದಳು ಅವಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಬೇಟೆ ಸಿಕ್ಕಿತೇ?"

ಅವನು ಚೀಲದಿಂದ ಚಕಮಕಿ ಕಲ್ಲು ತೆಗೆದ. ಮೊದಲ ಏಟಿಗೇ ಕಿಡಿ ಹಾರಿತು, ಹುಲ್ಲು ಹೊತ್ತಿತು. ಆ ಹುಲ್ಲು ಅವನ ಪಾದರಕ್ಷೆಯಿಂದ ತೆಗೆದದ್ದು. ನಿಲುವಂಗಿ ಬಿಚ್ಚಿ ಹೆಂಡತಿಗೆ ಹೊದಿಸಿದ. ಕರಡಿಯ ಚರ್ಮ ಹಾಸಿದ. ಕಡವೆಯನ್ನು ಎಳೆದು ತಂದು, ಚರ್ಮವನ್ನು ಮತ್ತೆ ಬಾಗಿಲಿಗೆ ತೂಗುಬಿಟ್ಟ. ಒಯ್ದದ್ದೆಲ್ಲ ಒಂದೂ ತಪ್ಪದೆ ಮನೆಗೆ ಮರಳಿತು. ಚಳಿಗಾಲ ಮುಗಿಯುವವರೆಗೂ ಆ ಮನೆಯಲ್ಲಿ ಮಾಂಸಕ್ಕೆ ಕೊರತೆಯಾಗಲಿಲ್ಲ. ಅವರು ಅದನ್ನು ತಿಂದರು. ಬದುಕಿದವರು ತಿನ್ನಲೇಬೇಕಲ್ಲ. ಆದರೆ ಆ ಹೆಂಗಸು ಆಮೇಲೆ ಅವನು ಏನು ಕೇಳಿದರೂ ಬಾಯಿ ಬಿಡಲಿಲ್ಲ, ಬೇಟೆಗೆ ಹೊರಡುವ ಬೆಳಗ್ಗೆಯೂ, ಬೇರೆ ಬೆಳಗ್ಗೆಯೂ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಬೊಮ್ಮಣ್ಣ ಕಾದ. ಇನ್ನೂ ಏನಾದರೂ ಉಳಿದಿರಬೇಕು, ಆ ಬೇಟೆಗಾರನಿಗೆ ಎಲ್ಲಾದರೂ ಒಂದು ಸಮಾಧಾನ ಸಿಕ್ಕಿರಬೇಕು ಎಂದು ಅವನಿಗೆ ಅನ್ನಿಸುತ್ತಿತ್ತು. ಕೊನೆಗೆ ಅವನೇ ಕೇಳಿದ.

"ಅವನು ತನಗಾಗಿ ಏನೂ ಒಯ್ಯಲಿಲ್ಲವಲ್ಲ ಗುರುಗಳೇ. ಎಲ್ಲವೂ ಅವರಿಗಾಗಿಯೇ. ಹಾಗಿದ್ದ ಮೇಲೆ ಅವನು ಏನನ್ನು ಬಿಟ್ಟುಹೋಗಬೇಕಿತ್ತು?"

ಗುರುಗಳು ಮುಂದಕ್ಕೆ ಬಾಗಿ ಅವನ ಹೆಗಲ ಮೇಲಿನ ಕಂಬಳಿಯ ಅಂಚನ್ನು ಮುಟ್ಟಿ ನೋಡಿದರು.

"ಬೊಮ್ಮಣ್ಣ, ನಿನ್ನೆಯವರೆಗೆ ಇದನ್ನು ಮನೆಯಲ್ಲಿ ಯಾರು ಹೊದೆಯುತ್ತಿದ್ದರು?"