ಒಂದೇ ಏಟಿನ ಗುಂಡು

ಕಾಲೇಜಿನ ಆವರಣದಲ್ಲಿ ಬಿರುಕು ಬಿಟ್ಟ ಆರಂತಸ್ತಿನ ಕಟ್ಟಡವೊಂದನ್ನು ಕೆಡವಬೇಕಾಗಿತ್ತು. ಕ್ರೇನಿಗೆ ನೇತುಹಾಕಿದ್ದ ಕಬ್ಬಿಣದ ಗುಂಡು ಕೆಳಗಿದ್ದ ಉಳಿಯನ್ನು ನೋಡಿ ನಕ್ಕಿತು.

"ಉಳಿರಾಯರೇ, ತಾವು ವರ್ಷವಿಡೀ ಕೆತ್ತುವುದನ್ನು ನಾನು ಒಂದೇ ಏಟಿಗೆ ಮುಗಿಸುತ್ತೇನೆ."

"ಮುಗಿಸುವಿರಿ ಸ್ವಾಮಿ. ಆದರೆ ಕಟ್ಟಡ ಯಾವ ಕಡೆಗೆ ಬೀಳುತ್ತದೆ?"

"ಬೀಳಿಸುವುದಷ್ಟೇ ನನ್ನ ಕೆಲಸ. ಎತ್ತ ಬೀಳಬೇಕೆಂಬುದು ಕಟ್ಟಡದ ಚಿಂತೆ."

ಆಗ ಕಟ್ಟಡವೇ ಕೆಮ್ಮಿ ಹೇಳಿತು: "ಎಡಕ್ಕೆ ಬಿದ್ದರೆ ಗ್ರಂಥಾಲಯ, ಬಲಕ್ಕೆ ಬಿದ್ದರೆ ಹಾಸ್ಟೆಲ್. ಅರವತ್ತು ವರ್ಷ ಈ ಮಕ್ಕಳಿಗೆ ನೆರಳು ಕೊಟ್ಟಿದ್ದೇನೆ. ಈಗ ಅವರ ಮೇಲೆಯೇ ಬೀಳಲಾರೆ, ಅಪ್ಪಾ."

ಅಷ್ಟರಲ್ಲಿ ಬಂದ ಇಂಜಿನಿಯರ್ ಸುಗುಣಾ ಸುತ್ತಲೂ ನೋಡಿ, "ಮೇಲಿನಿಂದ ಒಂದೊಂದೇ ಅಂತಸ್ತು ಬಿಚ್ಚಿಕೊಂಡು ಬನ್ನಿ" ಎಂದು ಕೆಲಸಗಾರರಿಗೆ ಹೇಳಿದರು. ಉಳಿ ಮೇಲೇರಿತು. ಮೂರು ತಿಂಗಳಲ್ಲಿ ಕಟ್ಟಡ ಮೆಲ್ಲಗೆ ನೆಲಕ್ಕಿಳಿಯಿತು. ಅಕ್ಕಪಕ್ಕದಲ್ಲಿ ಓಡಾಡುವವರ ಮೇಲೆ ಒಂದು ಚೂರು ಕಲ್ಲೂ ಬೀಳಲಿಲ್ಲ.

ಗುಂಡಿಗೂ ಕೆಲಸ ಸಿಕ್ಕಿತ್ತು. ಧೂಳು ತಡೆಯುವ ಪರದೆ ಗಾಳಿಗೆ ಹಾರದಂತೆ ಗುಂಡನ್ನು ಅದರ ಅಂಚಿನ ಮೇಲೆ ಕೂರಿಸಿದ್ದರು.

ಕೆಳಗಿಳಿದ ಉಳಿ ಕೇಳಿತು: "ಕೆಲಸ ಹೇಗಿದೆ ಸ್ವಾಮಿ?"

"ಅಲ್ಲಾಡದೆ ಕೂತಿರಬೇಕಂತೆ," ಎಂದಿತು ಗುಂಡು. "ಬಹಳ ಕಷ್ಟ ಕಣಯ್ಯಾ."